ಮನೆಯ ಸಂಗೀತಕ್ಕೆ ಎಷ್ಟು ವಾಟ್ ಬೇಕು?

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಲ್ಲಿ ನಮ್ಮ ಬಂಧುಗಳ ಮನೆಯೊಂದುಂಟು. ಹಿಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಮುಂಭಾಗದ ಹಜಾರದಲ್ಲಿ, ಕಾಲೇಜಿನಲ್ಲಿ ಓದುತ್ತಿರುವ ಮಗನ ಹೈ-ಫೈ ಸಲಕರಣೆ. ಕಳೆದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಈ ಹುಡುಗನು ಗೆಳೆಯನೊಬ್ಬನಿಂದ ೧೦೦ ವಾಟ್‌ಗಳ ಪ್ರತ್ಯೇಕ ಪವರ್ ಆಂಪ್ಲಿಫೈಯರೊಂದನ್ನು ಎರವಲು ತಂದು, ತನ್ನ ೪೦ ವಾಟ್‌ಗಳ ಆಂಪ್ಲಿಫೈಯರಿಗೆ ಜೋಡಿಸಿದ್ದನು. “ಕೇಳಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ” ಎಂದನು. ಕೇಳಿದೆನು. ವ್ಯತ್ಯಾಸವಿದ್ದುದು ನಿಜ, ಮೃದಂಗದ ಪೆಟ್ಟಿಗೆ ಹೆಚ್ಚಿನ ಬಲ ಬಂದಂತಿತ್ತು, ವೀಣೆಯ ಮೀಟು ಹತ್ತಿರಕ್ಕೆ ಸರಿದಂತಿತ್ತು. ಅಂತಹುದೇ ಒಂದನ್ನು ಕೊಳ್ಳುವುದಕ್ಕೆ ತಂದೆಯು ಮೂವತ್ತು ಸಾವಿರ ರೂಪಾಯಿ ಕೊಡಲು ಒಪ್ಪಿದ್ದರು. ನೇಯ್ಗೆಯವರ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಕೊಳ್ಳಬೇಡವೆಂದು ನಾನು ಹೇಳಿದೆನು. ಹಾಗೆ ಹೇಳಿದುದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕಮಿತ್ರರ ಮುಂದಿಡುತ್ತೇನೆ.

ಮನೆಯ ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಎರಡು ಭಾಗಗಳಿರುತ್ತವೆ. ಬರುವ ಕ್ಷೀಣ ಸಂಕೇತವನ್ನು ಆಯ್ದು, ತಿದ್ದಿ, ಬೇಕಾದಷ್ಟು ಮಟ್ಟಕ್ಕೆ ತರುವುದು ಪೂರ್ವವರ್ಧಕ. ಸ್ಪೀಕರಿನ ಸುರುಳಿಯನ್ನು ಅಲುಗಾಡಿಸುವಷ್ಟು ಪ್ರವಾಹವನ್ನು ಒದಗಿಸುವುದು ಶಕ್ತಿವರ್ಧಕ. ಇವೆರಡನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡುವ ಪದ್ಧತಿಗೆ ಹಿಂದೆ ಬಲವಾದ ಕಾರಣವಿತ್ತು. ೧೯೪೭ರಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಮ್‌ಸನ್ ಎಂಬ ಎಂಜಿನಿಯರ್ ಪ್ರಕಟಿಸಿದ ಪ್ರಸಿದ್ಧ ವರ್ಧಕವಾಗಲಿ, ೧೯೫೩ರ ‘ಕ್ವಾಡ್ ೨’ ಆಗಲಿ, ಕೊಡುತ್ತಿದ್ದುದು ೧೫ ವಾಟ್ ಮಾತ್ರ. ಆದರೆ ಅವುಗಳ ನಿರ್ವಾತ ಕವಾಟಗಳು ಬೆಂಕಿಯಂತೆ ಕಾಯುತ್ತಿದ್ದುವು. ಭಾರವಾದ ಟ್ರಾನ್ಸ್‌ಫಾರ್ಮರುಗಳು ೫೦ ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆಯನ್ನು ಸುತ್ತಲೂ ಹರಡುತ್ತಿದ್ದುವು. ಗ್ರಾಮಫೋನಿನ ಮುಳ್ಳಿನಿಂದ ಬರುತ್ತಿದ್ದ ಸಂಕೇತವೋ ಕೆಲವೇ ಮಿಲಿವೋಲ್ಟ್. ಅಷ್ಟು ಸೂಕ್ಷ್ಮವಾದುದನ್ನು ಆ ಕಾವಿನಿಂದಲೂ ಗುಂಗಿನಿಂದಲೂ ದೂರವಿಡದೆ ಗತ್ಯಂತರವಿರಲಿಲ್ಲ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ತಯಾರಾದ ಇ.ಎಲ್. ೮೪ ಕವಾಟಗಳನ್ನು ಬಳಸಿ ವರ್ಧಕ ಕಟ್ಟಿದ ಹಿರಿಯರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಇಂದಿನ ಡಿಜಿಟಲ್ ಸಾಧನವಾದರೋ ಸುಮಾರು ೨ ವೋಲ್ಟ್‌ಗಳ ಸಂಕೇತವನ್ನು ಕೊಡುತ್ತದೆ. ಹಳೆಯ ಕಾರಣದ ಬಹುಭಾಗ ಮಾಯವಾಗಿದೆ. ಪೆಟ್ಟಿಗೆ ಮಾತ್ರ ಪ್ರತಿಷ್ಠೆಯ ಗುರುತಾಗಿ ಉಳಿದುಕೊಂಡಿದೆ.

ಇನ್ನು ವಾಟ್‌ಗಳ ಮಾತು. ೪೦ಕ್ಕಿಂತ ೧೦೦ ಎರಡೂವರೆ ಪಟ್ಟು ದೊಡ್ಡದಲ್ಲವೆ? ಅಂಗಡಿಯ ಲೆಕ್ಕದಲ್ಲಿ ಹೌದು, ಕಿವಿಯ ಲೆಕ್ಕದಲ್ಲಿ ಅಲ್ಲ. ಕಿವಿಯು ಶಬ್ದವನ್ನು ಅಳೆಯುವುದು ಕೂಡುವ ಕ್ರಮದಿಂದಲ್ಲ, ಗುಣಿಸುವ ಕ್ರಮದಿಂದ. ಅದಕ್ಕಾಗಿಯೇ ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತೇವೆ. ಶಕ್ತಿ ಇಮ್ಮಡಿಯಾದರೆ ೩ ಡೆಸಿಬೆಲ್ ಏರಿಕೆ. ಹತ್ತು ಪಟ್ಟಾದರೆ ೧೦ ಡೆಸಿಬೆಲ್. ಶಬ್ದವು ‘ಎರಡರಷ್ಟು ಜೋರಾಯಿತು’ ಎಂದು ನಮಗೆ ತೋರುವುದು ಸುಮಾರಾಗಿ ಈ ಹತ್ತು ಪಟ್ಟಿಗೆ. ೪೦ರಿಂದ ೧೦೦ಕ್ಕೆ ಏರಿದರೆ ದೊರೆಯುವುದು ಕೇವಲ ೪ ಡೆಸಿಬೆಲ್. ಅದೂ ೪೦ ವಾಟ್‌ಗಳನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತಿದ್ದರೆ ಮಾತ್ರ.

ಹಾಗಾದರೆ ನಾವಿಬ್ಬರೂ ಕೇಳಿದ ವ್ಯತ್ಯಾಸವೆಲ್ಲಿಂದ ಬಂತು? ಅನುಮಾನವನ್ನು ಪರಿಹರಿಸಿಕೊಳ್ಳಲು ಅವನ ಮಲ್ಟಿಮೀಟರನ್ನು ತರಿಸಿದೆನು. ಗುಂಡಿಯನ್ನು ಒಂದೇ ಸ್ಥಾನದಲ್ಲಿಟ್ಟು, ೧೦೦ ಹರ್ಟ್ಸ್‌ನ ಸ್ಥಿರ ನಾದವನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ವೋಲ್ಟೇಜನ್ನು ಅಳೆದೆವು. ಹಳೆಯ ಆಂಪ್ಲಿಫೈಯರ್ ೨ ವೋಲ್ಟ್ ಕೊಟ್ಟಿತು, ಎರವಲಿನದು ೨.೫. ಹೊಸದರ ವರ್ಧನೆಯೇ ಸುಮಾರು ೨ ಡೆಸಿಬೆಲ್ ಹೆಚ್ಚು! ಇಷ್ಟು ಅಲ್ಪ ಹೆಚ್ಚಳವನ್ನು ಕಿವಿಯು ‘ಜೋರು’ ಎಂದು ಗುರುತಿಸುವುದಕ್ಕಿಂತ ‘ಚೆನ್ನು’ ಎಂದು ಗುರುತಿಸುವುದೇ ಹೆಚ್ಚು. ವ್ಯಾಪಾರಿಗಳಿಗೆ ಈ ಗುಟ್ಟು ಬಹಳ ಹಿಂದೆಯೇ ತಿಳಿದಿದೆ; ವಿದ್ಯಾರ್ಥಿಗಳಿಗೂ ತಿಳಿದಿರಲಿ.

ಶಕ್ತಿವರ್ಧಕದ ಹಿಂಬದಿಯ ಗುಂಡಿಯನ್ನು ತಿರುಗಿಸಿ ಎರಡನ್ನೂ ೨ ವೋಲ್ಟ್‌ಗೆ ಸಮಮಾಡಿದೆವು. ಹುಡುಗನನ್ನು ಗೋಡೆಗೆ ಮುಖಮಾಡಿ ಕೂರಿಸಿದೆವು. ಅವನ ತಾಯಿಯು ಪ್ರತಿ ಬಾರಿಯೂ ನಾಣ್ಯ ಚಿಮ್ಮಿ, ಅದರಂತೆ ಸ್ವಿಚ್ಚನ್ನು ಬದಲಾಯಿಸಿದರು. ಹತ್ತು ಬಾರಿಯಲ್ಲಿ ಆರು ಬಾರಿ ಅವನು ಸರಿಯಾಗಿ ಹೇಳಿದನು, ಗೆದ್ದೆನೆಂದು ಹಿಗ್ಗಿದನು. ಆದರೆ ಸಂಭವನೀಯತೆಯ ಪಾಠವನ್ನು ಓದಿದವರು ಲೆಕ್ಕ ಹಾಕಿ ನೋಡಬಹುದು. ಏನನ್ನೂ ಕೇಳದೆ ಬರಿಯ ಊಹೆಯಿಂದ ಹೇಳಿದರೂ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಸುಮಾರು ೩೮. ಒಂಬತ್ತು ಸರಿಯಾಗಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆನು.

ಮನೆಗೆ ಎಷ್ಟು ವಾಟ್ ಬೇಕೆಂಬುದನ್ನು ಯಾರೇ ಆಗಲಿ ತಾವೇ ಕಂಡುಕೊಳ್ಳಬಹುದು. ನೀವು ಎಂದಾದರೂ ಕೇಳಬಯಸುವ ಅತಿ ಹೆಚ್ಚಿನ ಮಟ್ಟಕ್ಕೆ ಗುಂಡಿಯನ್ನು ತಿರುಗಿಸಿ, ಅದನ್ನು ಅಲ್ಲಿಯೇ ಬಿಟ್ಟು, ಯಂತ್ರವನ್ನು ಆರಿಸಿ, ಸ್ಪೀಕರಿನ ತಂತಿಗಳನ್ನು ಬಿಚ್ಚಿರಿ. ಬಳಿಕ ಧ್ವನಿಮುದ್ರಣದಲ್ಲಿ ಸಾಧ್ಯವಾದ ಪೂರ್ಣಮಟ್ಟದ ೧೦೦ ಹರ್ಟ್ಸ್ ನಾದವನ್ನು ನುಡಿಸಿ, ತುದಿಗಳ ವೋಲ್ಟೇಜನ್ನು ಅಳೆಯಿರಿ. ಅದರ ವರ್ಗವನ್ನು ಸ್ಪೀಕರಿನ ಓಮ್‌ಗಳಿಂದ ಭಾಗಿಸಿದರೆ ನಿಮಗೆ ಬೇಕಾಗುವ ಗರಿಷ್ಠ ಶಕ್ತಿ ಬಂತು. ಆದರೆ ಕವಾಟಗಳ ವರ್ಧಕವನ್ನು ಹೀಗೆ ಹೊರೆಯಿಲ್ಲದೆ ನಡೆಸಬಾರದು, ಅದರ ಟ್ರಾನ್ಸ್‌ಫಾರ್ಮರ್ ಕೆಟ್ಟೀತು. ಕೆಲವು ಡಿಜಿಟಲ್ ಬಗೆಯ ವರ್ಧಕಗಳಿಗೂ ಇದು ಒಗ್ಗದು. ನಮ್ಮ ಹುಡುಗನ ಸ್ಪೀಕರು ೮ ಓಮ್‌ನದು. ಮೀಟರ್ ೧೧ ವೋಲ್ಟ್ ತೋರಿಸಿತು. ೧೨೧ನ್ನು ೮ರಿಂದ ಭಾಗಿಸಿದರೆ ೧೫ ವಾಟ್! ವಿಲಿಯಮ್‌ಸನ್ನನ ಲೆಕ್ಕವೇ ಮರಳಿ ಬಂದಂತಾಯಿತು. ಓಮನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ಹುಡುಗ ತನ್ನ ಮನೆಯಲ್ಲೇ ಅದನ್ನು ಒಮ್ಮೆಯೂ ಬಳಸಿರಲಿಲ್ಲವೆಂಬುದು ನನಗೆ ಸ್ವಲ್ಪ ಬೇಸರದ ಸಂಗತಿ.

ಶಕ್ತಿಯ ಮೀಸಲು ಬೇಡವೆಂದು ನಾನು ಹೇಳುತ್ತಿಲ್ಲ. ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿ ಮಟ್ಟಕ್ಕಿಂತ ೧೫ ಡೆಸಿಬೆಲ್ ಮೇಲೆ ಹಾರಬಲ್ಲುದು. ಎಂದರೆ ಕ್ಷಣಕಾಲ ಮೂವತ್ತು ಪಟ್ಟು ಶಕ್ತಿ. ಅದು ವರ್ಧಕಕ್ಕೆ ನಿಲುಕದೆ ಹೋದರೆ ತರಂಗದ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಇಲ್ಲದ ಸ್ವರಗಳು ಹುಟ್ಟುತ್ತವೆ, ಮೇಲುಸ್ವರದ ಪುಟ್ಟ ಸ್ಪೀಕರು ಸುಟ್ಟುಹೋಗಲೂಬಹುದು. ವಿಶಾಲವಾದ ಸಭಾಂಗಣಕ್ಕೆ, ೪ ಓಮ್‌ಗಿಂತ ಕೆಳಗಿಳಿಯುವ ಮೊಂಡು ಸ್ಪೀಕರುಗಳಿಗೆ, ಅಥವಾ ಮಂದ್ರಕ್ಕೊಂದು ತಾರಕ್ಕೊಂದು ವರ್ಧಕವಿಟ್ಟು ಸ್ವರಗಳನ್ನು ಮೊದಲೇ ವಿಂಗಡಿಸುವ ವ್ಯವಸ್ಥೆಗೆ ಪ್ರತ್ಯೇಕ ಶಕ್ತಿವರ್ಧಕ ಯೋಗ್ಯವೇ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಿಂದ ಬಿಡಿಭಾಗಗಳನ್ನು ತಂದು ತಾನೇ ಕಟ್ಟುವವನಿಗಂತೂ ನಾನು ಅಡ್ಡಿ ಹೇಳಲಾರೆ. ಅವನು ಕೊಳ್ಳುತ್ತಿರುವುದು ವಾಟ್‌ಗಳನ್ನಲ್ಲ, ವಿದ್ಯೆಯನ್ನು.

ಇಷ್ಟಾದ ಮೇಲೆ ಹುಡುಗನು ನಿಜವಾದ ಕಾರಣವನ್ನು ಹೊರಗೆಡವಿದನು: “ಮಗ್ಗ ನಡೆಯುವಾಗ ಏನೂ ಕೇಳಿಸುವುದಿಲ್ಲ.” ಮಗ್ಗಗಳನ್ನು ನಡೆಸಿಯೇ ಮತ್ತೆ ಅಳೆದೆವು. ಅವನು ಗುಂಡಿಯನ್ನು ಏರಿಸಿದನು. ಮೀಟರ್ ೧೬ ವೋಲ್ಟ್ ತೋರಿಸಿತು, ೩೨ ವಾಟ್. ಆಗಲೂ ಹಳೆಯ ಯಂತ್ರಕ್ಕೆ ನಿಲುಕುವಷ್ಟೇ. ಆದರೆ ನನ್ನ ಚಿಂತೆ ಬೇರೆಡೆಗೆ ತಿರುಗಿತು. ದೂರವಾಣಿಯಲ್ಲಿನ ಶಬ್ದಮಾಪಕ ಕರಾರುವಾಕ್ಕಾದುದಲ್ಲ. ಆದರೂ ಅದು ಹಜಾರದಲ್ಲಿ ೭೦ ಡೆಸಿಬೆಲ್, ಮಗ್ಗದ ಕೋಣೆಯಲ್ಲಿ ೯೬ ಡೆಸಿಬೆಲ್ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ಸಂಗೀತ ಕೇಳುವವರಿಗೆ ಹೇಳುವ ಮಿತಿ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗಬೇಕು. ಆ ಲೆಕ್ಕದಲ್ಲಿ ೯೫ ಡೆಸಿಬೆಲ್‌ಗೆ ವಾರಕ್ಕೆ ದೊರೆಯುವುದು ಒಂದೂಕಾಲು ಗಂಟೆ ಮಾತ್ರ. ಗದ್ದಲವನ್ನು ಗದ್ದಲದಿಂದ ಮುಚ್ಚಹೊರಟ ಹುಡುಗನ ಕಿವಿಯ ಒಳಗಿನ ಸೂಕ್ಷ್ಮ ಕೇಶಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಹಾಗಿರುವಾಗ ಇಪ್ಪತ್ತೈದು ವರ್ಷಗಳಿಂದ ಆ ಕೋಣೆಯಲ್ಲಿ ನಿಂತು ನೇಯುತ್ತಿರುವ ತಂದೆಯ ಕಿವಿಯ ಗತಿಯೇನು? ಬೆಳಗಿನಿಂದಲೂ ಅವರಿಗೆ ಒಂದೊಂದು ಮಾತನ್ನು ಎರಡು ಸಲ ಹೇಳುತ್ತಿದ್ದೆನೆಂಬುದು ನನಗೆ ಆಗ ಹೊಳೆಯಿತು.

ಎರವಲಿನ ಯಂತ್ರ ಮರಳಿ ಹೋಯಿತು. ಕಪಾಟಿನ ಮೂಲೆಯಲ್ಲಿ ತುರುಕಿದ್ದ ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದು, ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟೆವು. ಎದುರಿನ ಬೋಳುಗೋಡೆಗೆ ದಪ್ಪನೆಯ ಜಮಖಾನ ತೂಗಿತು. ಮಗ್ಗದ ಕೋಣೆಯ ಬಾಗಿಲಿನ ಸಂದುಗಳಿಗೆ ರಬ್ಬರ್ ಪಟ್ಟಿ ಬಡಿಸಿದರು. ಮುಂದಿನ ವಾರ ಹುಡುಗನು ಬೆಂಗಳೂರಿನಿಂದ ತಂದೆಗೂ ಇಬ್ಬರು ಕೆಲಸಗಾರರಿಗೂ ಕಿವಿಮುಚ್ಚಳಗಳನ್ನು ತಂದನಂತೆ. ಕೆಲಸಗಾರರು ಹಾಕಿಕೊಳ್ಳುತ್ತಾರೆ. ತಂದೆಯವರು, ನೂಲು ಹರಿದ ಸದ್ದು ಕೇಳಿಸುವುದಿಲ್ಲವೆಂದು, ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತಾರೆಂದು ತಿಳಿಯಿತು.