ಈ ರಜೆಯಲ್ಲಿ ನಾನು ಆಡಿದ ನಾಲ್ಕು ಕಥೆಗಳು

"ರಜೆಯಲ್ಲಿ ಯಾವ ಪುಸ್ತಕ ಓದಿದಿರಿ?" ಎಂದು ಕನ್ನಡ ಸರ್ ತರಗತಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿ ಬಂದಾಗ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಪುಸ್ತಕ ಒಂದೇ ಸರ್, ಗೇಮ್ ನಾಲ್ಕು" ಎಂದೆ. ಹಿಂದಿನ ಬೆಂಚಿನವರೆಲ್ಲ ನಕ್ಕರು. ಸರ್ ನಗಲಿಲ್ಲ. "ಗೇಮ್‌ನಲ್ಲೂ ಕಥೆ ಇರುತ್ತದೇನು? ಇದ್ದರೆ ಬರೆದುಕೊಡು, ನಮ್ಮ ವಾರ್ತಾಪತ್ರದಲ್ಲಿ ಹಾಕೋಣ" ಎಂದರು. ಅದಕ್ಕೇ ಈ ಬರಹ.

ಗೇಮ್ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ನೆನಪಾಗುವುದು ಬಿಜಿಎಂಐ ಮತ್ತು ಫ್ರೀ ಫೈರ್. ಅವನ್ನು ನಾನೂ ಆಡಿದ್ದೇನೆ. ಪ್ರಥಮ ಪಿಯುಸಿಯ ಮಧ್ಯಾವಧಿ ಪರೀಕ್ಷೆಯ ಅಂಕಗಳೇ ಅದಕ್ಕೆ ಸಾಕ್ಷಿ. ಆ ಆಟಗಳಿಗೆ ಕೊನೆ ಎಂಬುದಿಲ್ಲ. ಸೋತರೆ "ಇನ್ನೊಂದು ಸಲ" ಅನಿಸುತ್ತದೆ, ಗೆದ್ದರೂ ಹಾಗೇ ಅನಿಸುತ್ತದೆ. ಕಥೆ ಇರುವ ಗೇಮ್ ಕಾದಂಬರಿಯಂತೆ, ಒಂದು ದಿನ ಮುಗಿಯುತ್ತದೆ. ಮುಗಿದ ಮೇಲೆ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುವಂತಾದರೆ ಅದು ಒಳ್ಳೆಯ ಗೇಮ್ ಎಂಬುದು ನನ್ನ ಲೆಕ್ಕ. ನಾಲ್ಕನ್ನೂ ಇದೇ ಅಳತೆಯಲ್ಲಿ ಅಳೆದಿದ್ದೇನೆ.

ಮೊದಲನೆಯದು 'ರಾಜಿ: ಆನ್ ಏನ್ಷಿಯೆಂಟ್ ಎಪಿಕ್'. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ ಗೇಮ್ ಇದು. ಚಿಕ್ಕಪ್ಪನ ಮಗನ ಕಂಪ್ಯೂಟರಿನಲ್ಲಿ ಆಡಿದೆ. ಡೊಂಬರಾಟದ ಹುಡುಗಿ ರಾಜಿಯ ತಮ್ಮ ಗೋಲುವನ್ನು ರಾಕ್ಷಸರು ಹೊತ್ತೊಯ್ಯುತ್ತಾರೆ, ಅವಳು ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ರಾಜಸ್ಥಾನದ ಕೋಟೆಗಳನ್ನು ಹೋಲುವ ಕಟ್ಟಡಗಳು, ಗೋಡೆಗಳ ಮೇಲೆ ಚಿತ್ರಗಳು, ನಡುನಡುವೆ ತೊಗಲುಗೊಂಬೆಯಾಟದಂಥ ದೃಶ್ಯಗಳು. ನಮ್ಮ ದೇಶದ ನೆಲವನ್ನು ಇಷ್ಟು ಅಂದವಾಗಿ ತೋರಿಸಿದ ಗೇಮ್ ನಾನು ಬೇರೆ ನೋಡಿಲ್ಲ. ಆದರೂ ನನ್ನ ಅಳತೆಯಲ್ಲಿ ಇದಕ್ಕೆ ಕೊನೆಯ ಸ್ಥಾನ. ಕಥೆಯನ್ನು ದುರ್ಗೆ ಮತ್ತು ವಿಷ್ಣು ಮಾತಾಡಿಕೊಂಡು ಹೇಳುತ್ತಾರೆ. ನನ್ನ ಕೈಗೆ ಉಳಿಯುವುದು ಬರೀ ಹೊಡೆದಾಟ. ಗೋಲು ಸಿಗಲಿ ಎಂದು ನನಗೂ ಆಸೆ, ಆದರೆ ಅವನಿಗಾಗಿ ನಾನು ತೀರ್ಮಾನಿಸಿದ್ದು ಒಂದೂ ಇಲ್ಲ. ಕೊನೆಯೂ ಧಾರಾವಾಹಿಯ ಶುಕ್ರವಾರದ ಕಂತಿನ ಹಾಗೆ ತಟ್ಟನೆ ನಿಂತುಬಿಡುತ್ತದೆ.

ಎರಡನೆಯದು 'ದಿಸ್ ವಾರ್ ಆಫ್ ಮೈನ್'. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಹೊರತಂದದ್ದು. ಬೋಸ್ನಿಯಾದ ಸರಾಯೆವೊ ನಗರವನ್ನು 1992ರಿಂದ 1996ರವರೆಗೆ ಸೇನೆ ಸುತ್ತುವರಿದಿತ್ತಲ್ಲ, ಅದರಿಂದ ಹುಟ್ಟಿದ ಗೇಮ್ ಇದು. ಯುದ್ಧದ ಗೇಮ್ ಎಂದರೆ ನಾವು ಸೈನಿಕರಾಗಿರುತ್ತೇವೆ. ಇಲ್ಲಿ ಹಾಗಲ್ಲ, ನಾವು ಒಡೆದ ಮನೆಯೊಂದರಲ್ಲಿ ಅಡಗಿ ಕೂತ ಸಾಮಾನ್ಯ ಜನ. ಪಾವ್ಲೆ ಫುಟ್‌ಬಾಲ್ ಆಟಗಾರ, ಬ್ರೂನೋ ಅಡುಗೆಯವನು, ಕಾತ್ಯಾ ಪತ್ರಕರ್ತೆ. ಹಗಲು ಹೊರಗೆ ಕಾಲಿಟ್ಟರೆ ಗುಂಡು. ರಾತ್ರಿ ಒಬ್ಬರು ಹೋಗಿ ಅನ್ನ, ಔಷಧಿ, ಸೌದೆ ಹುಡುಕಿ ತರಬೇಕು.

ಬ್ರೂನೋಗೆ ಕಾಯಿಲೆಯಾಯಿತು. ಮಾತ್ರೆ ಇರಲಿಲ್ಲ. ಪಾವ್ಲೆಯನ್ನು ಒಂದು ಮನೆಗೆ ಕಳಿಸಿದೆ. ಅಲ್ಲಿ ಇದ್ದವರು ಗಂಡ ಹೆಂಡತಿ, ಇಬ್ಬರೂ ಮುದುಕರು. ಅವರ ಹತ್ತಿರ ಬಂದೂಕಿಲ್ಲ, ತಡೆಯುವ ಶಕ್ತಿಯೂ ಇಲ್ಲ. ಅಜ್ಜ ಬೇಡಿಕೊಳ್ಳುತ್ತಿದ್ದ. ನಾನು ಮಾತ್ರೆ ತೆಗೆದುಕೊಂಡೆ. ಹೇಗೂ ಬಂದಿದ್ದೇನೆ ಎಂದು ಊಟದ ಡಬ್ಬಿಗಳನ್ನೂ ತುಂಬಿಕೊಂಡೆ. ಅಂಕ ಕಡಿಮೆಯಾಗಲಿಲ್ಲ, 'ಗೇಮ್ ಓವರ್' ಬರಲಿಲ್ಲ. ಆದರೆ ಬೆಳಗಾದಾಗ ಪಾವ್ಲೆ ತಲೆ ತಗ್ಗಿಸಿ ಕೂತಿದ್ದ. ಕೆಲಸ ಹೇಳಿದರೂ ಅವನ ನಡಿಗೆ ನಿಧಾನವಾಗಿತ್ತು. ಮನೆಯ ಉಳಿದವರೂ ಅದನ್ನೇ ಮಾತಾಡುತ್ತಿದ್ದರು. ನಾನು ಮೊಬೈಲ್ ಮುಚ್ಚಿಟ್ಟು ನೀರು ಕುಡಿಯಲು ಎದ್ದೆ. ಹಜಾರದಲ್ಲಿ ದಾದಿ ಮಲಗಿದ್ದರು, ತಲೆದಿಂಬಿನ ಪಕ್ಕದಲ್ಲಿ ಅವರ ಬಿಪಿ ಮಾತ್ರೆ. ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಸಿನಿಮಾದಲ್ಲಿ ತಪ್ಪು ಮಾಡುವವರು ಬೇರೆಯವರು, ನಾವು ಕುರ್ಚಿಯಲ್ಲಿ ಕೂತು ಛೀ ಎನ್ನಬಹುದು. ಇಲ್ಲಿ ತಪ್ಪು ಮಾಡಿದ್ದು ನನ್ನದೇ ಹೆಬ್ಬೆರಳು. 2020ರಲ್ಲಿ ಪೋಲೆಂಡ್ ಸರ್ಕಾರ ಈ ಗೇಮನ್ನು ಪ್ರೌಢ ವಿದ್ಯಾರ್ಥಿಗಳ ಶಿಫಾರಸು ಪಟ್ಟಿಗೆ ಸೇರಿಸಿತು, ಅದೂ 18 ತುಂಬಿದವರಿಗೆ ಮಾತ್ರ. ನನಗೆ ತುಂಬಿದೆ; ತುಂಬದವರು ಕಾಯುವುದೇ ಒಳ್ಳೆಯದು. ದೋಷವೂ ಇದೆ. ಇಪ್ಪತ್ತು ದಿನ ದಾಟಿದ ಮೇಲೆ ಕಥೆ ಹಿಂದೆ ಸರಿದು, ಹಲಗೆ, ಮೊಳೆ ಎಣಿಸುವ ಅಂಗಡಿ ಲೆಕ್ಕದಂತಾಗುತ್ತದೆ.

ಮೂರನೆಯದು 'ಪೇಪರ್ಸ್, ಪ್ಲೀಸ್'. ಲೂಕಸ್ ಪೋಪ್ ಎಂಬ ಒಬ್ಬರೇ ಮಾಡಿದ ಗೇಮ್, ಬಂದದ್ದು 2013ರಲ್ಲಿ. ಮೊಬೈಲಿಗೆ ಬಂದದ್ದು 2022ರಲ್ಲಿ. ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ನಾವು ತಪಾಸಣೆ ಅಧಿಕಾರಿ. ಪಾಸ್‌ಪೋರ್ಟ್ ನೋಡಬೇಕು, ಹೆಸರು, ದಿನಾಂಕ, ಫೋಟೋ ತಾಳೆಯಾದರೆ ಮುದ್ರೆ ಒತ್ತಬೇಕು. ಎಷ್ಟು ಜನರ ಕಾಗದ ಸರಿಯಾಗಿ ನೋಡಿದೆವೋ ಅಷ್ಟು ಸಂಬಳ. ಸಂಜೆ ಆ ಹಣದಲ್ಲಿ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ತಪ್ಪು ಮಾಡಿದರೆ ಮೊದಲೆರಡು ಸಲ ಎಚ್ಚರಿಕೆ, ಆಮೇಲೆ ದಂಡ.

ಒಂದು ದಿನ ಒಬ್ಬ ಬಂದ. ಕಾಗದಗಳೆಲ್ಲ ಸರಿ. ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋದ. ಹೆಂಡತಿಯ ಬಳಿ ಪ್ರವೇಶದ ಪರವಾನಗಿ ಇರಲಿಲ್ಲ. ಅಷ್ಟರಲ್ಲಿ ನನ್ನ ಎರಡೂ ಎಚ್ಚರಿಕೆ ಮುಗಿದಿದ್ದವು, ಆಟದಲ್ಲಿ ನನ್ನ ಮಗನಿಗೆ ಕಾಯಿಲೆ. ಕೆಂಪು ಮುದ್ರೆ ಒತ್ತಿದೆ.

ಒತ್ತಿದ ಮೇಲೆ ನೆನಪಾದದ್ದು ನನ್ನದೇ ಕಥೆ. ಹೋದ ವರ್ಷ ವಿದ್ಯಾರ್ಥಿವೇತನದ ಅರ್ಜಿ ಹಿಡಿದುಕೊಂಡು ಅಬ್ಬಾ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಆಧಾರ್‌ನಲ್ಲಿ ನನ್ನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಕಡಿಮೆ. ಕೌಂಟರಿನಲ್ಲಿದ್ದವರು ತಲೆಯೆತ್ತದೆ ಕಾಗದ ವಾಪಸ್ ತಳ್ಳಿದರು. ಅಬ್ಬಾ ಗ್ಯಾರೇಜಿನ ಕೆಲಸ ಬಿಟ್ಟು ಮೂರು ದಿನ ಓಡಾಡಿದರು. ಆಗ ಕೌಂಟರಿನ ಆಚೆ ಇದ್ದವರಿಗೆ ಹೃದಯವೇ ಇಲ್ಲ ಎಂದುಕೊಂಡಿದ್ದೆ. ಗೇಮ್‌ನಲ್ಲಿ ಅದೇ ಕುರ್ಚಿಯಲ್ಲಿ ಕೂತು ನಾನೂ ತಲೆಯೆತ್ತಲಿಲ್ಲ. ತಲೆಯೆತ್ತಿ ಮುಖ ನೋಡಿದರೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಸಂಬಳ ಹೋಗುತ್ತದೆ. ಅವರು ಮಾಡಿದ್ದು ಸರಿ ಎಂದು ಈಗಲೂ ಹೇಳುವುದಿಲ್ಲ. ಗೇಮ್‌ನಲ್ಲಿ ಕೂಡ ಹೆಸರು ತಾಳೆಯಾಗದಿದ್ದರೆ ಬೆರಳಚ್ಚು ತೆಗೆದು ಇನ್ನೊಮ್ಮೆ ಪರೀಕ್ಷಿಸುವ ದಾರಿ ಇದೆ. ನಮಗೆ ಅಂದು ಆ ಅವಕಾಶವೂ ಸಿಗಲಿಲ್ಲ. ಆದರೆ ಒಳ್ಳೆಯ ಮನುಷ್ಯನೂ ಆ ಕುರ್ಚಿಯಲ್ಲಿ ಹೇಗೆ ಹಾಗಾಗುತ್ತಾನೆ ಎಂಬುದು ನನಗೆ ಅರ್ಥವಾಯಿತು. ಈ ಗೇಮ್‌ನ ಚಿತ್ರಗಳು ಹಳೆಯ ಕಾಲದವು, ಚಿಕ್ಕ ಸ್ಕ್ರೀನಿನಲ್ಲಿ ಅಕ್ಷರ ಓದಿ ಕಣ್ಣು ನೋಯುತ್ತದೆ. ಹಾಗಿದ್ದರೂ ನಾಲ್ಕರಲ್ಲಿ ಇದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ.

ಮೊದಲ ಸ್ಥಾನ 'ವೆಣ್ಬಾ'ಗೆ. ಕೆನಡಾದ ಟೊರಾಂಟೋದಲ್ಲಿರುವ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ಪುಟ್ಟ ಗೇಮ್, ಒಂದೇ ಕೂರಿಗೆ ಮುಗಿಯುತ್ತದೆ. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ, ಗಂಡ ಪಾವಲನ್, ಅಲ್ಲೇ ಬೆಳೆಯುವ ಮಗ ಕವಿನ್. ಇದರಲ್ಲಿ ಹೊಡೆದಾಟವಿಲ್ಲ, ಅಡುಗೆ ಮಾಡಬೇಕು ಅಷ್ಟೇ. ವೆಣ್ಬಾಳ ತಾಯಿಯ ಅಡುಗೆ ಪುಸ್ತಕ ಹರಿದಿದೆ, ಸಾಲುಗಳು ಅಳಿಸಿಹೋಗಿವೆ. ಉಳಿದದ್ದನ್ನು ನಾವು ಊಹಿಸಬೇಕು. ಇಡ್ಲಿ ತಟ್ಟೆ ಜೋಡಿಸುವುದೇ ಮೊದಲ ಒಗಟು. ನಾನು ತಪ್ಪು ಜೋಡಿಸಿದ್ದನ್ನು ಕಂಡು ಅಮ್ಮಿ ಅಡುಗೆಮನೆಯಿಂದಲೇ "ಹಾಗಲ್ಲ, ಹಬೆ ಮೇಲೆ ಹೋಗೋದು ಹೇಗೆ?" ಎಂದು ಬೈದರು. ನಾನು ಗೇಮ್ ಆಡುವಾಗ ಅಮ್ಮಿ ಪಕ್ಕದಲ್ಲಿ ಬಂದು ಕೂತದ್ದು ಅದೇ ಮೊದಲು.

ಕವಿನ್ ದೊಡ್ಡವನಾಗುತ್ತಾನೆ. ಶಾಲೆಯಲ್ಲಿ ಮನೆಯ ಊಟದ ಬಗ್ಗೆ ನಾಚಿಕೆ, ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ. ಮುಂದೆ ಅವನೇ ಅಡುಗೆಗೆ ನಿಂತಾಗ ಅಜ್ಜಿಯ ಪುಸ್ತಕದ ತಮಿಳು ಅವನಿಗೆ ಸರಿಯಾಗಿ ಓದಲು ಬಾರದು. ಆಡುತ್ತಿದ್ದ ನನಗೂ ಬಾರದು. ಇಬ್ಬರೂ ಆ ಅಕ್ಷರಗಳ ಮುಂದೆ ಕೂತೆವು. ಕೊನೆ ಏನಾಗುತ್ತದೆ ಎಂದು ಹೇಳುವುದಿಲ್ಲ, ನೀವೇ ಆಡಿ.

ನಮ್ಮ ಮನೆಯಲ್ಲೂ ಅಂಥ ಒಂದು ನೋಟ್‌ಬುಕ್ ಇದೆ. ದಾದಿ ಮದುವೆಯಾಗಿ ಬಂದಾಗ ಬರೆದಿಟ್ಟ ಅಡುಗೆಗಳು, ಎಲ್ಲ ಉರ್ದು ಲಿಪಿಯಲ್ಲಿ. ನಾನು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ. ದಾದಿಯೊಂದಿಗೆ ಮಾತಾಡುವ ಭಾಷೆ ಬರುತ್ತದೆ, ಅವರು ಬರೆದದ್ದನ್ನು ಓದಲು ಬರುವುದಿಲ್ಲ. ಈಗ ಅವರ ಕಣ್ಣಿಗೆ ಪೊರೆ ಬಂದಿದೆ; ತಾವೇ ಬರೆದದ್ದನ್ನು ಅವರೂ ಓದಲಾರರು. ಪುಸ್ತಕ ಇಬ್ಬರ ನಡುವೆ ಇದ್ದೂ ಇಬ್ಬರಿಗೂ ಇಲ್ಲದ ಹಾಗೆ. 'ವೆಣ್ಬಾ' ಆಡುವವರೆಗೆ ಈ ಮಾತು ನನಗೆ ಹೊಳೆದೇ ಇರಲಿಲ್ಲ.

ಮರುವಾರ ನಮ್ಮ ಕಾಲೇಜಿನ ಉರ್ದು ತರಗತಿಯ ಗೆಳೆಯನೊಬ್ಬನನ್ನು ಮನೆಗೆ ಕರೆದೆ. ಅವನು ಗಟ್ಟಿಯಾಗಿ ಓದಿದ, ದಾದಿ ತಿದ್ದಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಮೊದಲ ಪುಟ ದಾಲ್ಚಾ. ಹುಣಸೆಹಣ್ಣಿನ ಅಳತೆ ಇರಬೇಕಾದ ಜಾಗದಲ್ಲಿ ಎಣ್ಣೆಯ ಕಲೆ. "ಎಷ್ಟು ದಾದಿ?" ಎಂದರೆ "ಅಂದಾಜು" ಎಂದರು. ಮೊದಲ ಸಲ ಹುಳಿ ಹೆಚ್ಚಾಯಿತು. ಅಬ್ಬಾ ಏನೂ ಹೇಳದೆ ತಿಂದರು, ದಾದಿ ಮಾತ್ರ ಬೈದರು. ಈಗ ನೋಟ್‌ಬುಕ್‌ನಲ್ಲಿ ಇಪ್ಪತ್ತೆರಡು ಪುಟ ಬಾಕಿ ಇವೆ. ಗೆಳೆಯನನ್ನು ಪ್ರತಿವಾರ ಕರೆಯುವುದು ಸರಿಯಲ್ಲ ಎಂದು ಅಲಿಫ್, ಬೇ ಕಲಿಯಲು ಶುರು ಮಾಡಿದ್ದೇನೆ. ನನ್ನ ಹೆಸರು ಬರೆಯಲು ಬರುತ್ತದೆ.

ಗೇಮ್ ಆಡಿದರೆ ಒಳ್ಳೆಯವರಾಗುತ್ತೇವೆ ಎಂದು ನಾನು ಹೇಳುತ್ತಿಲ್ಲ. ಆ ಮುದುಕರ ಮಾತ್ರೆ ಕದ್ದದ್ದು ನಾನೇ. ಉಪನ್ಯಾಸಕರಲ್ಲಿ, ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ನಾವು ಮೊಬೈಲ್ ಹಿಡಿದದ್ದು ಕಂಡರೆ "ಎಷ್ಟು ಹೊತ್ತು ಆಡ್ತೀಯ?" ಎಂದು ಖಂಡಿತ ಕೇಳಿ. ಜೊತೆಗೆ "ಏನು ಕಥೆ?" ಎಂದೂ ಕೇಳಿ. ಉತ್ತರ ಕೊಡಲು ಬಾರದಿದ್ದರೆ ಆ ಆಟ ಬಿಡುವುದೇ ವಾಸಿ ಎಂದು ನಮಗೇ ತಿಳಿಯುತ್ತದೆ. ಸ್ನೇಹಿತರೇ, ನೀವು ಆಡಿದ ಒಳ್ಳೆಯ ಕಥೆಯ ಗೇಮ್ ಇದ್ದರೆ ನನಗೂ ತಿಳಿಸಿ. ಆದರೆ ಪರೀಕ್ಷೆ ಮುಗಿದ ಮೇಲೆ.