ಧೂಳಿನ ಕವಾಯತು

ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಲ್ಲಬೇಕಾದರೆ ಡ್ರಿಲ್ ಮಾಸ್ತರು ಸೀಟಿ ಊದಬೇಕು. ಕೈ ಚಾಚಿ ಅಂತರ ಬಿಡಿರೆಂದು ಕೂಗಬೇಕು. ಯಾರೂ ಕೂಗದೆ, ಯಾರೂ ಗೆರೆ ಎಳೆಯದೆ, ಸಾವಿರಾರು ಧೂಳಿನ ಕಣಗಳು ತಾವಾಗಿಯೇ ಸಮಾನ ಅಂತರದಲ್ಲಿ ನಿಲ್ಲುವುದುಂಟೆ? ಉಂಟು, ಪ್ಲಾಸ್ಮಾದೊಳಗೆ.

ಘನ, ದ್ರವ, ಅನಿಲಗಳ ಬಳಿಕ ದ್ರವ್ಯದ ನಾಲ್ಕನೆಯ ಸ್ಥಿತಿ ಪ್ಲಾಸ್ಮಾ. ಇಲ್ಲಿ ಪರಮಾಣುಗಳಿಂದ ಬೇರ್ಪಟ್ಟ ಎಲೆಕ್ಟ್ರಾನುಗಳೂ ಧನ ವಿದ್ಯುದಂಶದ ಅಯಾನುಗಳೂ ಬೆರೆತು ಓಡಾಡುತ್ತಿರುತ್ತವೆ. ಸೂರ್ಯ, ಮಿಂಚು, ಉರಿಯುವ ಟ್ಯೂಬ್‌ಲೈಟಿನೊಳಗಿನ ಅನಿಲ ಎಲ್ಲವೂ ಪ್ಲಾಸ್ಮಾವೇ. ಪ್ರಯೋಗಾಲಯದಲ್ಲಿ ಗಾಳಿ ತೆಗೆದ ಪಾತ್ರೆಗೆ ತುಸು ಆರ್ಗಾನ್ ಬಿಟ್ಟು, ಲೋಹದ ಎರಡು ತಟ್ಟೆಗಳ ನಡುವೆ ರೇಡಿಯೊ ಆವರ್ತನದ ವಿದ್ಯುತ್ತನ್ನು ಹಾಯಿಸಿ ಅದನ್ನು ಪಡೆಯುತ್ತಾರೆ. ಮನೆಯ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಇಲ್ಲಿ ಸಾಮಾನ್ಯವಾಗಿ ಬಳಸುವುದು 13.56 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1 ಕೋಟಿ 35 ಲಕ್ಷದ 60 ಸಾವಿರ!

ಕಂಪ್ಯೂಟರ್ ಚಿಪ್‌ಗಳ ಮೇಲೆ ಸೂಕ್ಷ್ಮ ವಿನ್ಯಾಸ ಕೊರೆಯಲು ಇಂಥದೇ ಪ್ಲಾಸ್ಮಾ ಬೇಕು. ಅಲ್ಲೊಂದು ಕಾಟವಿತ್ತು. ಎಷ್ಟೇ ಶುಚಿಯಾಗಿಟ್ಟರೂ ಚಿಪ್‌ಗಳ ಮೇಲೆ ಧೂಳು ಬಿದ್ದು ಅವು ಕೆಡುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿಗಳು ಪ್ಲಾಸ್ಮಾದೊಳಗೆ ಲೇಸರ್ ಬೆಳಕು ಹಾಯಿಸಿದರು. ಧೂಳಿನ ಮೋಡ ಅಲ್ಲೇ ತೇಲುತ್ತಿತ್ತು! ಅದು ಹೊರಗಿನಿಂದ ಬಂದದ್ದಲ್ಲ, ಪ್ಲಾಸ್ಮಾದಲ್ಲೇ ಹುಟ್ಟಿದ್ದು. ವಿದ್ಯುತ್ ನಿಲ್ಲಿಸಿದೊಡನೆ ಕೆಳಗೆ ಬೀಳುತ್ತಿತ್ತು.

ಧೂಳು ತೇಲುವುದೇಕೆ? ಎಲೆಕ್ಟ್ರಾನುಗಳು ಅಯಾನುಗಳಿಗಿಂತ ಬಹಳ ಹಗುರ, ಬಹಳ ಚುರುಕು. ಅವೇ ಮೊದಲು ಧೂಳಿನ ಕಣಕ್ಕೆ ಬಂದು ಅಂಟುತ್ತವೆ. ಹೀಗೆ ಒಂದು ಕಣ ಸಾವಿರಾರು ಎಲೆಕ್ಟ್ರಾನುಗಳಷ್ಟು ಋಣ ವಿದ್ಯುದಂಶ ಪಡೆಯುತ್ತದೆ. ಗುರುತ್ವ ಕಣವನ್ನು ಕೆಳಕ್ಕೆಳೆದರೆ, ಕೆಳತಟ್ಟೆಯ ಬಳಿಯ ವಿದ್ಯುತ್ ಕ್ಷೇತ್ರ ಮೇಲಕ್ಕೆ ತಳ್ಳುತ್ತದೆ. ಎರಡೂ ಸರಿದೂಗಿದಲ್ಲಿ ಕಣ ನಿಲ್ಲುತ್ತದೆ.

ಸಜಾತಿ ವಿದ್ಯುದಂಶಗಳು ವಿಕರ್ಷಿಸುತ್ತವೆಂಬುದು ಹೈಸ್ಕೂಲಿನ ಪಾಠ. ಹಾಗಾದರೆ ಈ ಕಣಗಳು ಚದುರಿ ಹೋಗಬೇಕಲ್ಲವೆ? ಹೋಗುವಂತಿಲ್ಲ. ಸುತ್ತಲಿನ ವಿದ್ಯುತ್ ಕ್ಷೇತ್ರ ಬೇಲಿಯಂತೆ ತಡೆಯುತ್ತದೆ. ಆರ್ಗಾನಿನ ಪರಮಾಣುಗಳು ಡಿಕ್ಕಿ ಹೊಡೆಯುತ್ತ ಕಣಗಳ ಚಡಪಡಿಕೆಯನ್ನು ತಗ್ಗಿಸುತ್ತವೆ. ದೂರ ಹೋಗಲಾಗದೆ, ಹತ್ತಿರ ಬರಲೊಲ್ಲದೆ, ಪ್ರತಿಯೊಂದು ಕಣವೂ ನೆರೆಯವುಗಳಿಂದ ಆದಷ್ಟು ಸಮಾನ ಅಂತರದಲ್ಲಿ ನೆಲೆಗೊಳ್ಳುತ್ತದೆ. ಒಂದರ ಸುತ್ತ ಆರು ಕಣಗಳ ಷಡ್ಭುಜ ವಿನ್ಯಾಸ ಮೂಡುತ್ತದೆ. ಇದೇ 'ಪ್ಲಾಸ್ಮಾ ಸ್ಫಟಿಕ'.

ಇದು ಸಾಧ್ಯವೆಂದು ಇಕೇಝಿ ಎಂಬ ವಿಜ್ಞಾನಿ 1986ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. 1994ರಲ್ಲಿ ಜರ್ಮನಿ, ತೈವಾನ್ ಮತ್ತು ಜಪಾನಿನ ತಂಡಗಳು ಬೇರೆ ಬೇರೆಯಾಗಿ ಅದನ್ನು ಮಾಡಿ ತೋರಿಸಿದವು. ಜರ್ಮನಿಯಲ್ಲಿ ಥಾಮಸ್, ಮಾರ್ಫಿಲ್ ಮತ್ತು ಸಂಗಡಿಗರು ಬಳಸಿದ್ದು 7 ಮೈಕ್ರೋಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು. ಅವು ಕಟ್ಟಿದ ಸ್ಫಟಿಕ ಬರಿಗಣ್ಣಿಗೇ ಕಾಣುವಂತಿತ್ತು.

ಇದರ ಬೆಲೆ ಇರುವುದು ಇಲ್ಲೇ. ಅಡಿಗೆ ಉಪ್ಪಿನ ಹರಳಿನಲ್ಲೂ ಇಂಥ ಶಿಸ್ತಿದೆ. ಆದರೆ ಅಲ್ಲಿನ ಅಯಾನುಗಳ ಅಂತರ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಒಂದೊಂದರ ಚಲನೆಯನ್ನೂ ಕಣ್ಣಾರೆ ಕಾಣಲಾಗದು. ಧೂಳಿನ ಸ್ಫಟಿಕದಲ್ಲಿ ಪ್ರತಿ ಕಣದ ನಡೆಯನ್ನೂ ವಿಡಿಯೊ ಕ್ಯಾಮೆರಾದಲ್ಲಿ ಹಿಡಿಯಬಹುದು. ಅನಿಲದ ಒತ್ತಡ ತಗ್ಗಿಸಿದರೆ ಕಣಗಳ ತುಯ್ದಾಟ ಹೆಚ್ಚುತ್ತದೆ, ಸಾಲು ಕದಡುತ್ತದೆ, ಸ್ಫಟಿಕ ಕರಗುತ್ತದೆ. ಘನವಸ್ತು ದ್ರವವಾಗುವ ಬಗೆಯನ್ನು ಕಣಕಣವಾಗಿ ನೋಡಲು ಇದೊಂದು ಕಿಟಕಿ. ಗುರುತ್ವದ ಎಳೆತವಿದ್ದರೆ ಪದರಗಳು ಚಪ್ಪಟೆಯಾಗುವುದರಿಂದ, 2001ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಪ್ರಯೋಗ ಆರಂಭವಾಯಿತು. ನಮ್ಮ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲೂ ಧೂಳುಭರಿತ ಪ್ಲಾಸ್ಮಾದ ಅಧ್ಯಯನ ನಡೆದಿದೆ.

ಮನೆಯಲ್ಲಿ ಒಂದೇ ಅಳತೆಯ ಏಳು ನಾಣ್ಯಗಳನ್ನು ಮೇಜಿನ ಮೇಲಿಟ್ಟು ನೋಡಿ. ಒಂದರ ಸುತ್ತ ಆರು ಸರಿಯಾಗಿ ಕೂಡುತ್ತವೆ, ಏಳನೆಯದಕ್ಕೆ ಜಾಗವಿಲ್ಲ. ನಾಣ್ಯಗಳು ಒಂದಕ್ಕೊಂದು ತಾಗುತ್ತವೆ, ಧೂಳಿನ ಕಣಗಳು ತಾಗವು. ಆದರೆ ಷಡ್ಭುಜ ಅದೇ. ಚಿಪ್ ತಯಾರಕರು ಕಸವೆಂದು ಬೆನ್ನಟ್ಟಿದ ಧೂಳು, ಶಿಸ್ತು ಹುಟ್ಟಲು ಅಪ್ಪಣೆಯೇ ಬೇಕಿಲ್ಲ, ಕೆಲವು ಸರಳ ನಿಯಮಗಳೇ ಸಾಕು ಎಂಬುದನ್ನು ಕಣ್ಣೆದುರೇ ತೋರಿಸಿಕೊಟ್ಟಿತು.