ಮನೆಯ ಮೋಟಾರು, ಮನದ ಮೋಟಾರು

ಹಿಂದಿನ ಕಾಲದಲ್ಲಿ ನಮ್ಮ ಸೀಮೆಯ ಉಳ್ಳ ಒಕ್ಕಲಿಗರ ಮನೆಗಳಲ್ಲಿ ಎರಡು ಬಂಡಿಗಳಿರುತ್ತಿದ್ದವು. ಹೊಲಕ್ಕೆ ಗೊಬ್ಬರ ಸಾಗಿಸುವದಕ್ಕೂ, ರಾಶಿಯಾದ ಮೇಲೆ ಜೋಳ ತೊಗರಿಗಳ ಚೀಲಗಳನ್ನು ಮನೆಗೆ ತರುವದಕ್ಕೂ ಒಂದು ದೊಡ್ಡ ಬಂಡಿ. ಜಾತ್ರೆಗೂ ಬೀಗರೂರಿಗೂ ಹೋಗುವದಕ್ಕೆ ಒಂದು ಹಗುರಾದ ಸವಾರಿ ಬಂಡಿ. ಮೊದಲನೆಯದು ಮುರಿದರೆ ಮನೆಯ ಕೆಲಸ ನಿಲ್ಲುತ್ತಿದ್ದಿತು. ಎರಡನೆಯದು ಮುರಿದರೆ ಯಜಮಾನನ ಮುಖ ಬಾಡುತ್ತಿದ್ದಿತು. ಎರಡೂ ಬೇಕೆಂಬದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಬರಗಾಲ ಬಂದಾಗ ಯಾವದನ್ನು ಮೊದಲು ಮಾರಬೇಕೆಂಬದೂ ಎಲ್ಲರಿಗೆ ತಿಳಿದಿದ್ದಿತು. ಎತ್ತುಗಳು ಹೋಗಿ ಎಂಜಿನ್ನುಗಳು ಬಂದ ಈ ಕಾಲದಲ್ಲಿ ಅದೇ ಪ್ರಶ್ನೆ ಬೇರೆ ವೇಷದಿಂದ ನಮ್ಮ ಮನೆಯ ಬಾಗಿಲಿಗೆ ಬಂದುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ಸಂತಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಯೆಜ್ದಿ ರೋಡ್‌ಕಿಂಗ್ ನಿಂತಿದೆ. ನಮ್ಮ ತೀರ್ಥರೂಪರು ಅದನ್ನು 1984ರಲ್ಲಿ ಹೊಸದಾಗಿ ಕೊಂಡರು. ಊರವರು ಇಂದಿಗೂ ಅದನ್ನು ಫಟಫಟಿಯೆಂದೇ ಕರೆಯುವರು. ಈ ಗಾಡಿ ನಮ್ಮ ರಾಜ್ಯದಲ್ಲಿಯೇ ಹುಟ್ಟಿದುದು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯವರು ಚೆಕೊಸ್ಲೊವಾಕಿಯಾ ದೇಶದ ಜಾವಾ ಸಂಸ್ಥೆಯ ಒಪ್ಪಿಗೆಯಿಂದ 1961ರಲ್ಲಿ ಗಾಡಿಗಳನ್ನು ಮಾಡತೊಡಗಿ, 1970ರ ದಶಕದಲ್ಲಿ ಅವಕ್ಕೆ ಯೆಜ್ದಿಯೆಂಬ ತಮ್ಮದೇ ಹೆಸರನ್ನಿಟ್ಟರು. ರೋಡ್‌ಕಿಂಗ್ ಬಂದುದು 1978ರಲ್ಲಿ. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. ಕಿಕ್ಕು ಹೊಡೆಯುವ ಸನ್ನೆಯನ್ನೇ ಮಡಚಿದರೆ ಗೇರು ಬದಲಿಸುವ ಸನ್ನೆಯಾಗುವ ಆ ಜಾಣತನ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾದ ಟೂ-ಸ್ಟ್ರೋಕ್ ಎಂಜಿನ್ನು. ಕಾರಖಾನೆಯು 1996ರಲ್ಲಿ ಮುಚ್ಚಿತು. ಯೆಜ್ದಿಯ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದರೂ ಅವು ಮೈಸೂರಿನವಲ್ಲ, ಅವುಗಳಲ್ಲಿ ಆ ಸದ್ದೂ ಇಲ್ಲ. ಬೆಳಗಿನ ಜಾವದಲ್ಲಿ ಔರಾದದ ದಾರಿಯಲ್ಲಿ ಈ ಗಾಡಿಯ ಮೇಲೆ ಹೋಗುವಾಗ ನಮಗೆ ಐವತ್ತು ದಾಟಿದುದು ಮರೆತುಹೋಗುವದೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ತಾಯಿಯವರು ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಬಸ್ಸಿನ ವೇಳೆ ಮೀರಿದ್ದಿತು. ಎಂಟು ದಿನದ ಹಿಂದೆಯಷ್ಟೇ ನಾವು ತಿಕ್ಕಿ ತೊಳೆದು ಹೊಳಪೇರಿಸಿದ್ದ ಆ ಗಾಡಿ ಕಣ್ಣೆದುರಿಗೇ ನಿಂತಿದ್ದರೂ, ನೆಲದ ಮೇಲೆ ನರಳುವ ಎಪ್ಪತ್ತಾರು ವರುಷದ ಮುದುಕಿಗೆ ಅದರಿಂದೇನು ಪ್ರಯೋಜನ? ಓಣಿಯ ಒಬ್ಬರ ಜೀಪು ಪರವೂರಿನಿಂದ ಮರಳಿ ಬರುವವರೆಗೆ ಎರಡು ತಾಸು ಕಾಯ್ದು, ಆಮೇಲೆ ಬೀದರಿಗೆ ಒಯ್ದೆವು. ದೈವದಯೆಯಿಂದ ಶಸ್ತ್ರಕ್ರಿಯೆಯಾಗಿ ಅವರು ಈಗ ಕೋಲೂರಿ ನಡೆಯುವರು. ಆ ಎರಡು ತಾಸುಗಳನ್ನು ಮಾತ್ರ ನಾವು ಮರೆಯಲಾರೆವು.

ಮನೆಗೆ ಕಾರು ಬೇಕೆಂಬದು ಅಂದೇ ಗೊತ್ತಾಯಿತು. ಜಗಳ ಹುಟ್ಟಿದುದು ಯೆಜ್ದಿಯ ವಿಷಯದಲ್ಲಿ. “ಅಣ್ಣಾ, ಅದನ್ನ ಮಾರಿಬಿಡು. ಮುಂಗಡಕ್ಕ ಅಷ್ಟರ ಆಗ್ತದ” ಎಂದು ನಮ್ಮ ತಮ್ಮನ ವಾದ. ನಮ್ಮ ಮನೆಯವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳದಿದ್ದುದೇ ಹೆಚ್ಚು ಚುಚ್ಚಿತು. ಆಗ ನಮಗೊಂದು ಹಂಚಿಕೆ ಹೊಳೆಯಿತು: ಕುಟುಂಬಕ್ಕೂ ಆಗಬೇಕು, ನಮ್ಮ ಉಮೇದಿಗೂ ಒದಗಬೇಕು, ಅಂಥ ಚುರುಕಾದ, ತಗ್ಗಾದ, ನೋಡಲು ಚಂದವಾದ ಒಂದು ಕಾರನ್ನೇ ಕೊಂಡು ಯೆಜ್ದಿಯನ್ನು ಬಿಟ್ಟುಬಿಟ್ಟರಾಯಿತಲ್ಲ!

ಈ ಹಂಚಿಕೆಯಲ್ಲಿಯೇ ಬಹು ಜನರು ಮೋಸಹೋಗುವರು. ನಮ್ಮ ಭಾಗದ ದೇವಣಿ ತಳಿಯ ದನಗಳು ಹಾಲಿಗೂ ಆದೀತು, ದುಡಿಮೆಗೂ ಆದೀತು ಎಂದು ಹೆಸರಾದವು. ಆದರೆ ಆ ಗುಣ ತಲೆಮಾರುಗಳ ಆಯ್ಕೆಯಿಂದ ಬಂದುದು. ಯಂತ್ರಗಳಲ್ಲಿ ಅದು ಅಷ್ಟು ಸುಲಭವಲ್ಲ. ಓಟದ ಗಾಡಿಯು ನೆಲಕ್ಕೆ ಹತ್ತಿರವಿರಬೇಕು, ಹಗುರಾಗಿರಬೇಕು, ಅದರ ಸ್ಪ್ರಿಂಗುಗಳು ಬಿಗಿಯಾಗಿರಬೇಕು. ಅಂದರೇನೇ ಅದು ತಿರುವಿನಲ್ಲಿ ವಾಲದು. ಮನೆಯ ಗಾಡಿಯು ನೆಲದಿಂದ ಎತ್ತರವಿರಬೇಕು, ಐದು ಜನರನ್ನೂ ಗಂಟುಗಳನ್ನೂ ಹೊರಬೇಕು, ಕುಲುಕದೆ ಸಾಗಬೇಕು. ಒಂದರ ಗುಣವೇ ಇನ್ನೊಂದರ ದೋಷ. 1990ರ ದಶಕದ ಕೊನೆಗೆ ಗೋವೆಯಲ್ಲಿ ಸಾನ್ ಸ್ಟಾರ್ಮ್ ಎಂಬ ತೆರೆದ ಮಾಳಿಗೆಯ ಚಿಕ್ಕ ಕಾರು ತಯಾರಾಯಿತು. ಅದಕ್ಕೆ ಎರಡೇ ಆಸನಗಳು. ಅದನ್ನು ಮಾಡಿದವರು ಅದು ಸಂಸಾರಕ್ಕೆಂದು ಯಾರಿಗೂ ನಟಿಸಲಿಲ್ಲ. ಆ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಗುವದು. ಎರಡೂ ಕೆಲಸಕ್ಕೆಂದು ಕೊಂಡ ನಡುವಿನ ಗಾಡಿಯಲ್ಲಿ ಯಜಮಾನನಿಗೆ ಪೂರ್ಣ ಆನಂದವಿಲ್ಲ, ಹಿಂದೆ ಕುಳಿತವರಿಗೆ ಪೂರ್ಣ ಸುಖವೂ ಇಲ್ಲ.

ನಮಗೆ ಈ ಸತ್ಯ ಹೊಳೆದುದು ಪುಸ್ತಕದಿಂದಲ್ಲ, ತಾಯಿಯವರ ಮೊಣಕಾಲಿನಿಂದ. ಅವರನ್ನು ಕರೆದುಕೊಂಡು ಮೂರು ಅಂಗಡಿಗಳಿಗೆ ಹೋದೆವು. ನಾವು ಮನಸೋತ ತಗ್ಗಿನ ಕಾರಿನಲ್ಲಿ ಅವರು ಕೂಡ್ರುವದೇನೋ ಕೂತರು. ಏಳುವದಕ್ಕೆ ಇಬ್ಬರು ಕೈಹಿಡಿಯಬೇಕಾಯಿತು. ಎರಡನೆಯದು ಜೀಪಿನಂತೆ ಎತ್ತರ. ಅದಕ್ಕೆ ಕಾಲೆತ್ತಿ ಏರುವದೇ ಆಗಲಿಲ್ಲ. ಮೂರನೆಯದು ನಾಲ್ಕು ಮೀಟರಿಗಿಂತ ಗಿಡ್ಡದಾದ, ಆದರೆ ಮಾಳಿಗೆ ಎತ್ತರವಾದ ಸಾಧಾರಣ ಕಾರು. ಅದರ ಆಸನ ಅವರ ಸೊಂಟದ ಮಟ್ಟಕ್ಕೇ ಇದ್ದಿತು. ಅವರು ಮೊದಲು ಬೆನ್ನು ತಿರುಗಿಸಿ ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತಂದುಕೊಂಡು, ಹಾಗೆಯೇ ಯಾರ ನೆರವೂ ಇಲ್ಲದೆ ಎದ್ದುಬಂದರು. ನಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಕಾರು ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು, ನಾವು ಕಂಡುಕೊಂಡ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುವೆವು. ಮೊದಲನೆಯದಾಗಿ, ಮನೆಯಲ್ಲಿ ಎಲ್ಲರಿಗಿಂತ ಅಶಕ್ತರಾದವರನ್ನು ಕೂಡ್ರಿಸಿ ನೋಡಿರಿ. ಹಿಂದಿನ ಆಸನದಲ್ಲಿ ನೀವೂ ಅರ್ಧ ತಾಸು ಕೂತು ನೋಡಿರಿ. ಎರಡನೆಯದಾಗಿ, ಮಳೆಗಾಲದಲ್ಲಿ ನಮ್ಮ ಎರೆನೆಲದ ದಾರಿಗಳ ಗಾಲಿಗುಂಡಿಗಳನ್ನು ನೆನೆದು ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರವನ್ನು ಕೇಳಿರಿ. ಐವರು ಕೂತಾಗ ಅದು ಇನ್ನೂ ತಗ್ಗುವದೆಂಬದನ್ನು ಮರೆಯಬೇಡಿರಿ. ಮೂರನೆಯದಾಗಿ, ನಿಮ್ಮ ದಿನನಿತ್ಯದ ತಿರುಗಾಟ ಎಷ್ಟೆಂದು ಲೆಕ್ಕಹಾಕಿರಿ. 2020ರ ಏಪ್ರಿಲದಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಜಾಲರಿಯೊಂದಿರುವದು. ಅದು ಸುಟ್ಟು ಸ್ವಚ್ಛವಾಗಬೇಕಾದರೆ ಆಗಾಗ ದೂರದ ಓಟ ಬೇಕು. ಸಂತೆಗೂ ಶಾಲೆಗೂ ಮಾತ್ರ ಹೋಗುವ ಮನೆಗೆ ಪೆಟ್ರೋಲೇ ಲೇಸು. ಸಿಎನ್‌ಜಿ ಅಗ್ಗವಹುದು, ಆದರೆ ಅದರ ಬುಡ್ಡಿಯು ಸಾಮಾನಿಡುವ ಸ್ಥಳವನ್ನು ಬಹುಮಟ್ಟಿಗೆ ನುಂಗುವದು. ನಾಲ್ಕನೆಯದಾಗಿ, ಬಣ್ಣಕ್ಕಿಂತ ಮೊದಲು ಸುರಕ್ಷೆಯನ್ನು ವಿಚಾರಿಸಿರಿ. 2023ರ ಅಕ್ಟೋಬರದಿಂದ ಭಾರತ್ ಎನ್‌ಕ್ಯಾಪ್ ಎಂಬ ಸರಕಾರದ ವ್ಯವಸ್ಥೆಯಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರಗಳನ್ನು ಕೊಡುತ್ತಿರುವರು. ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ. ಎರಡನ್ನೂ ಕೇಳಿರಿ.

ಬೆಲೆಯ ಮಾತೂ ಇಲ್ಲದಿಲ್ಲ. 2025ರ ಸೆಪ್ಟೆಂಬರ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದುದು ನಮ್ಮಂಥವರಿಗೆ ಅನುಕೂಲವಾಯಿತು. ಪೆಟ್ರೋಲ್ ಕಾರಾದರೆ ಉದ್ದ ನಾಲ್ಕು ಮೀಟರನ್ನೂ ಎಂಜಿನ್ನು 1200 ಸಿಸಿಯನ್ನೂ ಮೀರಬಾರದು. ಆದರೂ ಅಂಗಡಿಯವರು ಹೇಳುವ ಬೆಲೆಯೇ ಬೇರೆ. ಆಜೀವ ತೆರಿಗೆ, ವಿಮೆ, ನೋಂದಣಿ ಸೇರಿ ಗಾಡಿ ರಸ್ತೆಗಿಳಿಯುವ ಬೆಲೆಯೇ ಬೇರೆ. ಮೂವರು ಅಣ್ಣತಮ್ಮಂದಿರು ಕೂಡಿ ಬಾಳುವ ದೊಡ್ಡ ಮನೆಯಾದರೆ ಏಳೆಂಟು ಜನರ ಗಾಡಿಯನ್ನು ನೋಡಬೇಕು. ಬಿಡದಿಯ ಕಾರಖಾನೆಯಿಂದ 2000ದಲ್ಲಿ ಹೊರಬಂದ ಕ್ವಾಲಿಸ್, 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾ, ಇವು ಅಂಥ ಮನೆಗಳಲ್ಲಿ ಬಾಳಿದ ಬಗೆಯನ್ನು ಎಲ್ಲರೂ ಬಲ್ಲರು. ನಮ್ಮ ಐವರ ಮನೆಗೆ ಅಷ್ಟು ಬೇಕಿಲ್ಲ. ವರುಷಕ್ಕೆರಡು ಸಲ ಬರುವ ಬೀಗರಿಗಾಗಿ ವರುಷವಿಡೀ ಖಾಲಿ ಆಸನಗಳನ್ನು ಹೊತ್ತು ತಿರುಗುವದು ಜಾಣತನವಲ್ಲ.

ಇನ್ನು ಯೆಜ್ದಿಯ ಮಾತು. ಅದನ್ನು ಇಟ್ಟುಕೊಂಡೆವು, ಆದರೆ ಲೆಕ್ಕವಿಟ್ಟು ಇಟ್ಟುಕೊಂಡೆವು. ನಿಂತ ಗಾಡಿಗೆ ಖರ್ಚಿಲ್ಲವೆಂಬದು ಭ್ರಮೆ. ತಿಂಗಳುಗಟ್ಟಲೆ ನಿಂತರೆ ಟಾಕಿಯೊಳಗೆ ತುಕ್ಕು, ಕಾರ್ಬುರೇಟರಿನಲ್ಲಿ ಅಂಟು, ಟಯರಿನಲ್ಲಿ ಬಿರುಕು. ಸಾಲದ್ದಕ್ಕೆ ತೊಗರಿಯ ಚೀಲಕ್ಕೆ ಬಂದ ಇಲಿಗಳು ವಾಯರುಗಳನ್ನೂ ರುಚಿನೋಡುವವು. ಕಾನೂನಿನ ಕರ್ತವ್ಯಗಳೂ ಉಂಟು. ಹದಿನೈದು ವರುಷ ಕಳೆದ ಸ್ವಂತದ ಗಾಡಿಯ ನೋಂದಣಿಯನ್ನು ಐದೈದು ವರುಷಕ್ಕೊಮ್ಮೆ ಹೊಸದು ಮಾಡಿಸಬೇಕು. ಗಾಡಿ ಹಳೆಯದಾದಷ್ಟು ಅದರ ಶುಲ್ಕವೂ ಏರಿದೆ. ರಸ್ತೆಗೆ ತರುವದಾದರೆ ಅನ್ಯರ ಹಾನಿಯ ವಿಮೆ ಇರಲೇಬೇಕು, ವಾರಕ್ಕೊಂದೇ ಸಲವಾದರೂ ಸರಿ. ಮತ್ತೊಂದು ಮಾತು: ಫಟಫಟಿಯ ಮೇಲೆ ಸವಾರನ ಹಿಂದೆ ಒಬ್ಬರನ್ನು ಮಾತ್ರ ಕೂಡ್ರಿಸಬೇಕೆಂದು ಮೋಟಾರು ವಾಹನಗಳ ಕಾಯಿದೆಯು ವಿಧಿಸಿದೆ. ಟಾಕಿಯ ಮೇಲೊಂದು ಕೂಸು, ಹಿಂದೆ ಹೆಂಡತಿ, ಅವಳ ತೊಡೆಯ ಮೇಲೊಂದು ಕೂಸು, ಹೀಗೆ ನಮ್ಮ ತೀರ್ಥರೂಪರು ನಮ್ಮೆಲ್ಲರನ್ನೂ ಅಮರೇಶ್ವರನ ಜಾತ್ರೆಗೆ ಒಯ್ದುದುಂಟು. ಆ ನೆನಪು ಸವಿಯಾದುದು. ಆದರೆ ಅದನ್ನು ನಮ್ಮ ಮಕ್ಕಳ ತಲೆಯ ಮೇಲೆ ಮತ್ತೆ ಪರೀಕ್ಷಿಸಬಾರದು.

ಆದುದರಿಂದ ಮನೆಯಲ್ಲಿ ಮೂರು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಕಾರಿನ ಕಂತು, ಮಕ್ಕಳ ಶಾಲೆಯ ಹಣ, ತಾಯಿಯವರ ಔಷಧಿ, ಇವಿಷ್ಟೂ ಸಂದ ಮೇಲೆಯೇ ಯೆಜ್ದಿಗೆ ದುಡ್ಡು. ಅದೂ ನಮ್ಮ ಕೈಖರ್ಚಿನ ಡಬ್ಬಿಯಿಂದ. ವಾರಕ್ಕೊಮ್ಮೆ ಅದನ್ನು ಓಡಿಸಲೇಬೇಕು. ಎಡೆಬಿಡದೆ ಒಂದು ವರುಷ ಓಡಿಸದೆ ನಿಲ್ಲಿಸಿದರೆ, ಅದನ್ನು ಪ್ರೀತಿಸುವ ಇನ್ನೊಬ್ಬರ ಕೈಗೆ ಕೊಟ್ಟುಬಿಡಬೇಕು. ನಮ್ಮ ತಮ್ಮನು ಈ ಮೂರನೆಯ ಕಟ್ಟಳೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾನೆ!

ಇದರಿಂದ ನಾವು ಕಲಿತುದು ಇಷ್ಟೇ. ಮನಸ್ಸಿನ ಆಶೆಗೆ ಬೇರೊಂದು ಚಿಕ್ಕ ಸ್ಥಳವಿರುವದರಿಂದಲೇ ಮನೆಯ ಕಾರನ್ನು ಕೊಳ್ಳುವಾಗ ನಮ್ಮ ಬುದ್ಧಿ ತಿಳಿಯಾಗಿದ್ದಿತು. ಅದು ಚಂದವಿರಬೇಕು, ವೇಗವಿರಬೇಕು ಎಂಬ ಹಟ ಬರಲಿಲ್ಲ. ಹಾಗೆಯೇ ಮನೆಯ ಅಗತ್ಯ ತೀರಿದುದರಿಂದಲೇ ಯೆಜ್ದಿಯ ಮೇಲೆ ಕೂತಾಗ ಈಗ ಅಪರಾಧದ ಭಾವವಿಲ್ಲ. ಎರಡನ್ನೂ ಇಡಲು ಶಕ್ತಿಯಿಲ್ಲದ ಮನೆಯಾದರೆ ಯಾವದು ಉಳಿಯಬೇಕೆಂಬದನ್ನು ಹೇಳಬೇಕಾಗಿಲ್ಲ.

ಹೊಸ ಕಾರು ಮನೆಗೆ ಬಂದ ದಿನ ತಾಯಿಯವರು ಅದಕ್ಕೆ ಕುಂಕುಮವಿಟ್ಟು ಕಾಯಿ ಒಡೆಸಿದರು. ನಾವು ಯೆಜ್ದಿಯನ್ನು ಪಡಸಾಲೆಯ ಮೂಲೆಗೆ ಸರಿಸುತ್ತಿದ್ದುದನ್ನು ಕಂಡು ಅವರು ಕೋಲೂರಿಕೊಂಡು ಬಂದು, ಉಳಿದ ಕುಂಕುಮವನ್ನು ಅದರ ದೀಪದ ಮೇಲೂ ಹಚ್ಚಿ ಹೇಳಿದರು: “ನಿಮ್ಮಪ್ಪನ ಗಾಡಿ ಒಳಗ ಇರಲಿ ತಮ್ಮಾ. ದವಾಖಾನಿಗಿ ಒಯ್ಯೋ ಗಾಡಿ ಮಾತ್ರ ಬಾಗಿಲದಾಗ ನಿಂದ್ರಲಿ.”